ಇಪ್ಪತ್ತರ ಬದಲು ಮೂವತ್ತು ಹಾಕಿದರೆ

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2014ರಿಂದ 2024ರ ನಡುವೆ ಆರು ಸಲ ಹೊರಡಿಸಿತು. ಆರು ಸಲವೂ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಪ್ರತಿ ಸಲವೂ ಮಲೆನಾಡಿನಲ್ಲಿ ಅದೇ ಸಭೆ, ಅದೇ ಪ್ರತಿಭಟನೆ, ಅದೇ ಮನವಿಪತ್ರ. ಅಧಿಕಾರದಲ್ಲಿ ಯಾವ ಪಕ್ಷವಿದ್ದರೂ ವಿಧಾನಸೌಧದಿಂದ ಹೊರಡುವ ಉತ್ತರ ಒಂದೇ: ಒಪ್ಪುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟವೂ ಈ ಕರಡುಗಳಿಗೆ ಆಧಾರವಾದ ಕಸ್ತೂರಿರಂಗನ್ ಸಮಿತಿಯ ವರದಿಯನ್ನು ತಿರಸ್ಕರಿಸಿತು. ಹತ್ತು ವರ್ಷ ಹಿಡಿದ ಈ ಜಗಳದಲ್ಲಿ ಒಂದು ವಿಚಿತ್ರವಿದೆ. ಪರವಾಗಿ ನಿಂತವರೂ ವಿರೋಧಿಸಿದವರೂ ಕೈಯಲ್ಲಿ ಹಿಡಿದು ಮಾತಾಡಿದ್ದು ಹಳ್ಳಿಗಳ ಒಂದು ಪಟ್ಟಿಯನ್ನು. ಆ ಪಟ್ಟಿ ಆಕಾಶದಿಂದ ಉದುರಿದ್ದಲ್ಲ, ಒಂದು ಲೆಕ್ಕದಿಂದ ಹುಟ್ಟಿದ್ದು. ಆ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಿ, ಇಲ್ಲಿ ಸರಿಯಿದೆ ಇಲ್ಲಿ ತಪ್ಪಿದೆ ಎಂದು ಹೇಳುವ ಅನುಕೂಲ ತೀರ್ಥಹಳ್ಳಿಯ ಅಡಿಕೆ ಬೆಳೆಗಾರರಿಗೂ ಸಿಗಲಿಲ್ಲ, ಮೂಡಿಗೆರೆಯ ಗ್ರಾಮ ಪಂಚಾಯಿತಿ ಸದಸ್ಯರಿಗೂ ಸಿಗಲಿಲ್ಲ. ಸರ್ಕಾರದ ಹಣದಲ್ಲಿ ತಯಾರಾದ ನಕ್ಷೆಗಳು ಗೋಡೆಗೆ ತೂಗುಹಾಕುವ ಚಿತ್ರಗಳಾಗಿ ಬಂದರೆ ಸಾಲದು, ಯಾರು ಬೇಕಾದರೂ ಪ್ರಶ್ನೆ ಹಾಕಿ ಉತ್ತರ ಪಡೆಯಬಹುದಾದ ದತ್ತಾಂಶವಾಗಿ ಬರಬೇಕು ಎಂದು ನಾನು ವಾದಿಸುವುದು ಈ ಕಾರಣಕ್ಕೆ.

ಮೊದಲು ಲೆಕ್ಕ ಹೇಗಾಯಿತೆಂದು ನೋಡೋಣ. 2011ರಲ್ಲಿ ವರದಿ ಕೊಟ್ಟ ಮಾಧವ ಗಾಡ್ಗೀಳರ ಸಮಿತಿ ಇಡೀ ಘಟ್ಟವನ್ನು ಒಂಬತ್ತು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಚೌಕಗಳಾಗಿ ಕೊಯ್ದು ಪ್ರತಿ ಚೌಕಕ್ಕೂ ಸೂಕ್ಷ್ಮತೆಯ ಅಂಕ ಕೊಟ್ಟಿತ್ತು. ಒಂದು ಚೌಕವೆಂದರೆ ಇಪ್ಪತ್ತು ಸಾವಿರ ಎಕರೆ. ಅದರೊಳಗೆ ಕಾಡೂ ಇರುತ್ತದೆ, ಪೇಟೆಯೂ ಇರುತ್ತದೆ. 2013ರ ಕಸ್ತೂರಿರಂಗನ್ ಸಮಿತಿ 24 ಮೀಟರ್ ಸ್ಪಷ್ಟತೆಯ ಉಪಗ್ರಹ ಚಿತ್ರಗಳನ್ನು ಹಿಡಿದು ಕೂತಿತು. ಇಲ್ಲಿ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಸುಮಾರು ಐದೂಮುಕ್ಕಾಲು ಗುಂಟೆ. ಎರಡು ಎಕರೆ ತೋಟ ಹದಿನಾಲ್ಕು ಚುಕ್ಕೆಗಳಲ್ಲಿ ಮುಗಿದುಹೋಗುತ್ತದೆ. ಜೀವವೈವಿಧ್ಯ ದಟ್ಟವಾಗಿರುವ, ಹೆಚ್ಚು ತುಂಡಾಗದ, ಜನವಸತಿ ವಿರಳವಾಗಿರುವ ನೈಸರ್ಗಿಕ ಪ್ರದೇಶದ ಚುಕ್ಕೆಗಳನ್ನು ಸಮಿತಿ ಬೇರ್ಪಡಿಸಿತು. ಆಮೇಲೆ ಅದರ ಮೇಲೆ ಹಳ್ಳಿಗಳ ಗಡಿ ಹೊದಿಸಿ, ಹಳ್ಳಿಯ ವಿಸ್ತೀರ್ಣದಲ್ಲಿ ಶೇಕಡ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಅಂಥದ್ದಿದ್ದರೆ ಇಡೀ ಹಳ್ಳಿಯನ್ನು ಪಟ್ಟಿಗೆ ಸೇರಿಸಿತು. ಸಾವಿರ ಎಕರೆಯ ಊರಿನಲ್ಲಿ ಇನ್ನೂರು ಎಕರೆ ಕಾಡು ಸಿಕ್ಕಿದರೆ ಉಳಿದ ಎಂಟುನೂರು ಎಕರೆಯೂ ಒಳಗೆ. ಹೀಗೆ ನಮ್ಮ ಹತ್ತು ಜಿಲ್ಲೆಗಳ 1,576 ಹಳ್ಳಿಗಳು ಪಟ್ಟಿಗೆ ಬಂದವು.

ಶೇಕಡ 20 ಎಂಬ ಸಂಖ್ಯೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆದರೆ ಗೆರೆ ಎಳೆದದ್ದು ಪ್ರಕೃತಿಯಲ್ಲ, ಮನುಷ್ಯರು. ಅದನ್ನು ಆಚೀಚೆ ಸರಿಸಿದರೆ ಏನಾಗುತ್ತದೆಂದು ನೋಡುವ ಹಕ್ಕು ಅದರೊಳಗೆ ಬದುಕುವವರಿಗೆ ಇರಬೇಕು. ಈ ಲೆಕ್ಕವನ್ನು ಮತ್ತೆ ಮಾಡುವುದು ಎಷ್ಟು ಕಷ್ಟ? ಪೋಸ್ಟ್‌ಜಿಐಎಸ್ ಎಂಬ ತಂತ್ರಾಂಶವಿದೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬೇರುಬಿಟ್ಟ ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ಕಣಜಕ್ಕೆ ಭೂಗೋಳದ ಬುದ್ಧಿ ತುಂಬಿ, ಕೆನಡಾದ ವಿಕ್ಟೋರಿಯಾ ನಗರದ ರಿಫ್ರ್ಯಾಕ್ಷನ್ಸ್ ರಿಸರ್ಚ್ ಎಂಬ ಸಣ್ಣ ಸಂಸ್ಥೆ 2001ರಲ್ಲಿ ಅದನ್ನು ಹೊರತಂದಿತು. ಪರವಾನಗಿ ಶುಲ್ಕ ಸೊನ್ನೆ. ಮಾಮೂಲಿ ಡೇಟಾಬೇಸ್‌ಗೆ ಹೆಸರು, ಮೊತ್ತ, ತಾರೀಖು ಮಾತ್ರ ಗೊತ್ತು. ಇದಕ್ಕೆ ಹೊಲದ ಆಕಾರ, ಹೊಳೆಯ ಬಾಗು, ಎರಡರ ನಡುವಿನ ದೂರ ಎಲ್ಲವೂ ಗೊತ್ತು. ಕೇಳುವ ಕ್ರಮ ಸರಳ: ಕಾಡಿನ ಪದರವನ್ನೂ ಹಳ್ಳಿ ಗಡಿಗಳ ಪದರವನ್ನೂ ಒಂದರ ಮೇಲೊಂದು ಇಡು, ಎರಡೂ ಕೂಡಿದ ಜಾಗದ ವಿಸ್ತೀರ್ಣ ತೆಗೆ, ಹಳ್ಳಿಯ ವಿಸ್ತೀರ್ಣದಿಂದ ಭಾಗಿಸು, 0.2 ಮುಟ್ಟಿದ ಹಳ್ಳಿಗಳ ಹೆಸರು ಕೊಡು. ಇದನ್ನು ಗಣಕಕ್ಕೆ ತಿಳಿಯುವಂತೆ ಬರೆದರೆ ಐದಾರು ಸಾಲು. ಉತ್ತರವನ್ನು ಬಣ್ಣ ಹಚ್ಚಿ ನೋಡಲು ಗ್ಯಾರಿ ಶೆರ್ಮನ್ 2002ರಲ್ಲಿ ಶುರುಮಾಡಿದ ಕ್ಯುಜಿಐಎಸ್ ಇದೆ, ಅದೂ ಪುಕ್ಕಟೆ. 0.2 ಅಳಿಸಿ 0.3 ಬರೆದರೆ ಪಟ್ಟಿಯಿಂದ ಹೊರಬೀಳುವ ಹಳ್ಳಿಗಳ ಹೆಸರು ಕೆಲವೇ ನಿಮಿಷಗಳಲ್ಲಿ ಪರದೆಯ ಮೇಲೆ.

ಲಕ್ಷಾಂತರ ಆಕಾರಗಳ ನಡುವೆ ಈ ತಂತ್ರಾಂಶ ಅಷ್ಟು ಬೇಗ ಹುಡುಕುವುದು ಹೇಗೆ ಎಂಬುದಕ್ಕೆ ಕಂದಾಯ ಇಲಾಖೆಯ ಪರಿಚಯವಿದ್ದವರಿಗೆ ಬೇರೆ ವಿವರಣೆ ಬೇಡ. ಒಂದು ಸರ್ವೆ ನಂಬರ್ ಬೇಕಾದರೆ ರಾಜ್ಯದ ಅಷ್ಟೂ ಪಹಣಿಯನ್ನು ಯಾರೂ ಮಗುಚಿ ಹಾಕುವುದಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಇಳಿಯುತ್ತಾರೆ. ಆಂಟೊನಿನ್ ಗಟ್‌ಮನ್ 1984ರಲ್ಲಿ ಸೂಚಿಸಿದ ಆರ್-ಟ್ರೀ ಎಂಬ ವಿಧಾನ ಮಾಡುವುದೂ ಇದನ್ನೇ: ಪ್ರತಿ ಆಕಾರದ ಸುತ್ತ ಒಂದು ಚೌಕಟ್ಟು ಕಟ್ಟಿ, ಚೌಕಟ್ಟುಗಳನ್ನು ದೊಡ್ಡ ಚೌಕಟ್ಟಿನೊಳಗೆ ಸೇರಿಸಿ, ಬೇಡದ ಹೋಬಳಿಗಳನ್ನು ಒಂದೇಟಿಗೆ ಬದಿಗೆ ಸರಿಸಿಬಿಡುತ್ತದೆ. ಇಂಥ ಹುಡುಕಾಟ ನಮ್ಮವರಿಗೆ ಅಪರಿಚಿತವೂ ಅಲ್ಲ. ರಾಜ್ಯದ ದೂರಸಂವೇದಿ ಕೇಂದ್ರದ ದಿಶಾಂಕ್ ಆ್ಯಪ್ ಹಿಡಿದು ಹೊಲದ ಬದುವಿನ ಮೇಲೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಈ ಬಿಂದು ಯಾವ ಆಕಾರದೊಳಗೆ ಬಿದ್ದಿದೆ ಎಂಬ ಪ್ರಶ್ನೆಗೆ ಅದು ಉತ್ತರ. ಒಳ್ಳೆಯ ಕೆಲಸವೇ. ಆದರೆ ಇಂಥ ಸೇವೆ ಕಿಟಕಿಯ ಹಾಗೆ: ಇಲಾಖೆ ಯಾವ ಪ್ರಶ್ನೆಗೆ ಅದನ್ನು ತೆರೆದಿದೆಯೋ ಆ ಪ್ರಶ್ನೆಯನ್ನಷ್ಟೇ ಕೇಳಬಹುದು. ನಮ್ಮ ತಾಲ್ಲೂಕಿನಲ್ಲಿ ಕೆರೆ ಅಂಗಳಕ್ಕೆ ತಾಗಿಕೊಂಡ ಸರ್ವೆ ನಂಬರ್‌ಗಳು ಎಷ್ಟು ಎಂಬಂಥ ಪ್ರಶ್ನೆಗೆ ಕಿಟಕಿ ಸಾಲದು, ಕಣಜದ ಬಾಗಿಲೇ ಬೇಕು.

ಮಲೆನಾಡಿನ ಮಟ್ಟಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿಯಲು ಅಲ್ಲಿನ ಭೂಮಿಯ ಹೆಸರುಗಳನ್ನು ಕೇಳಿದರೆ ಸಾಕು. ಉತ್ತರ ಕನ್ನಡ, ಶಿವಮೊಗ್ಗದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟ. ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡ ಬಾಣೆ. ದಕ್ಷಿಣ ಕನ್ನಡದಲ್ಲಿ ಕುಮ್ಕಿ. ಕುಮ್ಕಿಯ ವ್ಯಾಖ್ಯಾನವೇ ಒಂದು ನಕ್ಷೆಯ ಪ್ರಶ್ನೆ: ವರ್ಗ ಜಮೀನಿನ ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ಭೂಮಿ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಬೆಟ್ಟವೂ ಹಸಿರು, ಬಾಣೆಯೂ ಹಸಿರು, ಕಾಡುಮರಗಳ ನೆರಳಿನಲ್ಲಿ ಬೆಳೆದ ಕಾಫಿಯೂ ಹಸಿರು. ನಮ್ಮ ತೋಟವನ್ನು ಕಾಡೆಂದು ಲೆಕ್ಕ ಹಾಕಿದ್ದಾರೆ ಎಂಬುದು ವಿರೋಧಿಗಳ ಮುಖ್ಯ ದೂರು. ಸಮಿತಿ ಹೇಳುವುದು, ಕೃಷಿ ಪ್ರದೇಶವನ್ನು ನೈಸರ್ಗಿಕ ಪ್ರದೇಶದಿಂದ ಬೇರ್ಪಡಿಸಿದ್ದೇವೆ ಎಂದು. ಎರಡರಲ್ಲಿ ಯಾವುದು ನಿಜ ಎಂದು ಬಾಯಿಮಾತಿನಲ್ಲಿ ತೀರ್ಮಾನವಾಗದು. ವರ್ಗೀಕರಿಸಿದ ಚುಕ್ಕೆಗಳ ಪದರವನ್ನು ಸರ್ವೆ ನಂಬರ್‌ಗಳ ಮೇಲೆ ಹಾಸಿದರೆ, ಕೊಪ್ಪ ತಾಲ್ಲೂಕಿನ ಯಾವ ತೋಟ ಕಾಡಾಗಿದೆ, ಯಾವುದು ಆಗಿಲ್ಲ ಎಂಬುದು ಒಂದೊಂದಾಗಿ ಕಾಣುತ್ತದೆ. ಕೆಲವು ಕಡೆ ಬೆಳೆಗಾರ ಗೆಲ್ಲಬಹುದು, ಕೆಲವು ಕಡೆ ಸಮಿತಿ ಗೆಲ್ಲಬಹುದು. ಘಟಕ ಬದಲಾದರೂ ಉತ್ತರ ಬದಲಾಗುತ್ತದೆ ಎಂಬುದು ಇನ್ನೊಂದು ಸೂಕ್ಷ್ಮ: ಮಜರೆಗಳು ಚದುರಿದ ದೊಡ್ಡ ಗ್ರಾಮವೊಂದು ಒಟ್ಟಾಗಿ ಶೇಕಡ 20 ದಾಟಿದ್ದರೆ, ಅದರ ಒಂದು ಮಜರೆ ಸೊನ್ನೆಯಲ್ಲೂ ಇನ್ನೊಂದು 60ರಲ್ಲೂ ಇರಬಹುದು.

ಕೇರಳದ ಉದಾಹರಣೆಯನ್ನು ಇಲ್ಲಿ ತರದೆ ವಿಧಿಯಿಲ್ಲ. ಅಲ್ಲಿಯ 123 ಹಳ್ಳಿಗಳು, 13,108 ಚದರ ಕಿಲೋಮೀಟರ್ ಪಟ್ಟಿಯಲ್ಲಿದ್ದವು. ಕೇರಳದವರೂ ಬೀದಿಗಿಳಿದರು, ಬಂದ್ ಮಾಡಿದರು. ಅದರ ಜೊತೆಗೇ 2013ರಲ್ಲಿ ಊಮ್ಮನ್ ವಿ. ಊಮ್ಮನ್ ನೇತೃತ್ವದಲ್ಲಿ ಸಮಿತಿ ಮಾಡಿ, ನೆಲದ ಮೇಲೆ ಪರಿಶೀಲಿಸಿ, ಜನವಸತಿ, ಕೃಷಿಭೂಮಿ, ಪ್ಲಾಂಟೇಶನ್ ಎಲ್ಲೆಲ್ಲಿವೆ ಎಂದು ಗುರುತಿಸಿ ಕೇಂದ್ರದ ಮುಂದಿಟ್ಟರು. 2014ರ ಮಾರ್ಚ್‌ನ ಮೊದಲ ಕರಡಿನಲ್ಲೇ ಅವರ ಪಾಲು 9,993.7 ಚದರ ಕಿಲೋಮೀಟರ್‌ಗೆ ಇಳಿದಿತ್ತು. ಮೂರು ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಕಡಿಮೆ. ನಮ್ಮ ಸಂಖ್ಯೆ ಅಲ್ಲಾಡಲಿಲ್ಲ; ಕರ್ನಾಟಕದ ಉತ್ತರದಲ್ಲಿ ಮುಂದೆ ನಿಂತದ್ದು ನಿರಾಕರಣೆ, ಪ್ರತಿ-ಲೆಕ್ಕವಲ್ಲ. ಕೇರಳ ತೆಗೆಸಿಹಾಕಿದ್ದೆಲ್ಲ ಸರಿ ಎಂದು ನಾನು ಹೇಳಲಾರೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜರಿದು ಊರೇ ಕೊಚ್ಚಿಹೋದ ಮರುದಿನ ಆರನೇ ಕರಡು ಬಂತು ಎಂಬುದನ್ನು ಯಾರೂ ಮರೆಯುವಂತಿಲ್ಲ. 2018ರ ಆಗಸ್ಟ್‌ನ ಗುಡ್ಡಕುಸಿತದ ಕೊಡಗನ್ನೂ ಮರೆಯುವಂತಿಲ್ಲ. ನಕ್ಷೆ ಹಿಡಿದು ವಾದಿಸಿದವರ ವಾದವೆಲ್ಲ ನಿಜವೆಂದಲ್ಲ. ಆದರೆ ಆ ವಾದವನ್ನು ಜಾಗ ಜಾಗ ತೋರಿಸಿ ತಪ್ಪೆಂದು ಹೇಳಲಾದರೂ ಬರುತ್ತದೆ. ಬರಿಯ ‘ಒಪ್ಪುವುದಿಲ್ಲ’ಕ್ಕೆ ಆ ಗುಣವೂ ಇಲ್ಲ.

ಇದು ಘಟ್ಟಕ್ಕೆ ಮಾತ್ರ ಸೀಮಿತವೂ ಅಲ್ಲ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ರಾಜಕಾಲುವೆಗಳ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಬಿಡಬೇಕೆಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆ-ಕಾಲುವೆಗಳ ಅಂಚಿನ ಈ ಪಟ್ಟಿಯನ್ನು ಹಿಗ್ಗಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಪ್ರತಿ ತೀರ್ಪಿನ ಮರುದಿನ ಸೈಟು ಕೊಂಡವರ ಎದೆಬಡಿತ ಏರುಪೇರಾಗಿದ್ದು ಇದೇ ಕಾರಣಕ್ಕೆ: ನನ್ನ ಸೈಟು ಒಳಗೋ ಹೊರಗೋ? ಕಾಲುವೆಯ ಮಧ್ಯರೇಖೆ ಮತ್ತು ನಿವೇಶನದ ಗಡಿ, ಎರಡು ಪದರ ಸಿಕ್ಕರೆ ಉತ್ತರ ಒಂದು ಸಾಲಿನ ಪ್ರಶ್ನೆಯಲ್ಲಿದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ ಮುಳುಗಿದ ಮೇಲೆ ಒತ್ತುವರಿ ತೆರವಿಗೆ ಬುಲ್ಡೋಜರ್ ಬಂತು. ಪ್ರಶ್ನೆ ಮೊದಲೇ ಬಂದಿದ್ದರೆ ಒಳ್ಳೆಯದಿತ್ತು.

ಇನ್ನು ಆಕ್ಷೇಪಗಳು. ದೇಶದ ಭದ್ರತೆ ಎಂಬ ಮಾತು ಮೊದಲು ಬರುತ್ತದೆ. ಅದಕ್ಕೆ ಉತ್ತರ ಸರ್ಕಾರವೇ ಕೊಟ್ಟಾಗಿದೆ. ಪರವಾನಗಿಯಿಲ್ಲದೆ ನಕ್ಷೆ ಮಾಡಿದರೆ ನೂರು ಕೋಟಿ ರೂಪಾಯಿವರೆಗೆ ದಂಡ ಎಂಬ ಮಸೂದೆಯೊಂದು 2016ರಲ್ಲಿ ಕರಡಾಗಿ ಬಂದು ತಣ್ಣಗಾಯಿತು. ಐದೇ ವರ್ಷದಲ್ಲಿ ಗಾಳಿ ತಿರುಗಿ, 2021ರ ಫೆಬ್ರುವರಿ 15ರ ಮಾರ್ಗಸೂಚಿ ಭಾರತೀಯ ಸಂಸ್ಥೆಗಳಿಗೆ ಪೂರ್ವಾನುಮತಿಯ ಗೋಜಲನ್ನೇ ತೆಗೆದುಹಾಕಿತು. ಭದ್ರತಾ ಸಂಸ್ಥೆಗಳ ರಹಸ್ಯ ದತ್ತಾಂಶ ಬಿಟ್ಟು, ಸಾರ್ವಜನಿಕ ಹಣದಲ್ಲಿ ತಯಾರಾದ ಭೂದತ್ತಾಂಶ ಸುಲಭವಾಗಿ ಸಿಗಬೇಕು ಎಂದೂ ಹೇಳಿತು. ಖಾಸಗಿತನದ ಮಾತು ಎತ್ತುವವರು ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ಯಾರದೇ ಪಹಣಿಯನ್ನು ಹೆಸರು ಸಮೇತ ನೋಡಬಹುದು ಎಂಬುದನ್ನು ನೆನೆಯಬೇಕು. ನಾನು ಕೇಳುತ್ತಿರುವುದು ಗಡಿಗಳನ್ನು, ಮಾಲೀಕರ ಹೆಸರುಗಳನ್ನಲ್ಲ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ: ನಮ್ಮ ಗ್ರಾಮ ನಕ್ಷೆಗಳೇ ಸರಿಯಿಲ್ಲ, ಹೊರಗೆ ಬಿಟ್ಟರೆ ಕೋರ್ಟು ಕಚೇರಿ ತುಂಬುತ್ತದೆ. ನಿಜ. ಮೂಲ ಅಳತೆ 33 ಅಡಿಯ ಸರಪಳಿಯಲ್ಲಿ, ಅದರ ಹದಿನಾರನೇ ಒಂದು ಭಾಗವಾದ ಆಣೆಯಲ್ಲಿ ಆದದ್ದು. ಬಾಂದುಕಲ್ಲು ಕಿತ್ತುಹೋದ ಕಡೆ ನೆನಪೇ ದಾಖಲೆ. ಹಳೆಯ ಗ್ರಾಮ ನಕ್ಷೆಯಲ್ಲಿ ಅಕ್ಷಾಂಶ ರೇಖಾಂಶವೇ ಇರುವುದಿಲ್ಲ. ಅದನ್ನು ಉಪಗ್ರಹ ಚಿತ್ರದ ಮೇಲೆ ಎಳೆದು ಕೂರಿಸುವಾಗ ಬದು ಆಚೀಚೆ ಸರಿಯುತ್ತದೆ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಭೂಮಿಯ ಆಕಾರವನ್ನು ಎವರೆಸ್ಟ್ ಹೆಸರಿನ ಒಂದು ಮಾದರಿಯಲ್ಲಿ ಹಿಡಿದಿದ್ದರೆ, ಮೊಬೈಲಿನ ಜಿಪಿಎಸ್ ಇನ್ನೊಂದು ಮಾದರಿಯಲ್ಲಿ ಹಿಡಿಯುತ್ತದೆ. ಈ ಭೇದ ಮರೆತರೆ ಒಂದೇ ದೇವಸ್ಥಾನ ನೂರು ಮೀಟರಿಗೂ ಹೆಚ್ಚು ದೂರದಲ್ಲಿ ಎರಡು ಸಲ ಕಾಣಿಸುತ್ತದೆ. ಮೀಟರ್ ಲೆಕ್ಕದ ನಕ್ಷೆಗಳಲ್ಲಿ ಬಳಸುವ ವಲಯಗಳ ಗೆರೆ 78 ಡಿಗ್ರಿ ರೇಖಾಂಶದಲ್ಲಿ ಹಾದುಹೋಗುವುದರಿಂದ ಬೆಂಗಳೂರು 43ನೇ ವಲಯದಲ್ಲಿದ್ದರೆ ಕೋಲಾರ 44ರಲ್ಲಿದೆ. ಗಮನಿಸದೆ ಎರಡನ್ನೂ ಒಂದೇ ಲೆಕ್ಕದಲ್ಲಿ ಹಾಕಿದವರ ಕೋಲಾರ ಎಲ್ಲೋ ಹೋಗಿ ಬಿದ್ದಿರುತ್ತದೆ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ವಾದ ತಿರುಗುವುದು ನನ್ನ ಕಡೆಗೇ. ಇದೇ ತಪ್ಪು ನಕ್ಷೆಗಳ ಮೇಲೆ ಸರ್ಕಾರ ಈಗಲೂ ತೀರ್ಮಾನ ಮಾಡುತ್ತಿದೆ. ಬಚ್ಚಿಟ್ಟ ಮಾತ್ರಕ್ಕೆ ನಕ್ಷೆ ಸರಿಯಾಗುವುದಿಲ್ಲ. ಪ್ರತಿ ಪದರದ ಜೊತೆಗೂ ಯಾವ ವರ್ಷದ್ದು, ಯಾವ ಅಳತೆಯದ್ದು, ಎಷ್ಟು ಮೀಟರ್ ಆಚೀಚೆ ಆಗಬಹುದು ಎಂದು ಬರೆದು, ಇದು ಪೋಡಿಗೂ ವ್ಯಾಜ್ಯಕ್ಕೂ ದಾಖಲೆಯಲ್ಲ ಎಂದು ಸೇರಿಸಿ ಬಿಟ್ಟರೆ, ತಪ್ಪು ಹುಡುಕುವವರು ಸಂಬಳವಿಲ್ಲದೆ ಸಿಗುತ್ತಾರೆ.

ನನ್ನನ್ನು ನಿಜವಾಗಿ ಕಾಡುವ ಆಕ್ಷೇಪ ಮೂರನೆಯದು. ನಕ್ಷೆ ಬಯಲಾದರೆ ಮೊದಲು ಓಡಿಬಂದು ಎತ್ತಿಕೊಳ್ಳುವವರು ರೈತರಲ್ಲ, ಜಮೀನು ದಂಧೆಯವರು ಎಂಬುದು. ಇದು ಊಹೆಯ ಮಾತಲ್ಲ. ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯನ್ನು ಜಗತ್ತೇ ಹೊಗಳುತ್ತಿದ್ದಾಗ, ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೇರೆಯೇ ಚಿತ್ರ ಕೊಟ್ಟರು: ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಕಂಪನಿಗಳಿಗೆ ಭೂಮಿ ಹಿಡಿಯುವುದು ಸಲೀಸಾಯಿತು, ಸಣ್ಣವರ ಚೌಕಾಸಿಯ ಜಾಗ ಕುಗ್ಗಿತು ಎಂದು. ಆ ಎಚ್ಚರಿಕೆಯನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಹಳ್ಳಿಯ ಕಡೆ ಭೂಮಿ ಎಂದರೆ ಕಾಗದದಲ್ಲಿರುವ ಗಡಿಯಷ್ಟೇ ಅಲ್ಲ. ದಾರಿ ಬಿಟ್ಟುಕೊಂಡ ಒಪ್ಪಂದ, ದನ ಮೇಯಿಸುವ ರೂಢಿ, ಅಣ್ಣತಮ್ಮಂದಿರ ಬಾಯಿಪಾಲು ಎಲ್ಲವೂ ಅದರಲ್ಲಿದೆ, ಮತ್ತು ಅವುಗಳಲ್ಲಿ ಯಾವುದನ್ನೂ ಪೋಸ್ಟ್‌ಜಿಐಎಸ್ ಕಾಣಲಾರದು. ಆದರೂ ಒಂದು ಭೇದವನ್ನು ಮುಂದಿಡುತ್ತೇನೆ. ದುಡ್ಡಿರುವವರಿಗೆ ನಕ್ಷೆ ಈಗಲೂ ಸಿಗುತ್ತದೆ. ಕನ್ಸಲ್ಟೆಂಟ್ ಇಟ್ಟುಕೊಂಡು, ಹಾಳೆ ಹಾಳೆ ಖರೀದಿಸಿ, ತಾವೇ ಗಣಕಕ್ಕೆ ಏರಿಸಿಕೊಳ್ಳುತ್ತಾರೆ. ಮುಚ್ಚಿಟ್ಟದ್ದರಿಂದ ನಷ್ಟವಾಗುವುದು ಆ ಖರ್ಚು ಹೊರಲಾರದವರಿಗೆ. ಹಾಗಾಗಿ ಮೊದಲು ಬಿಡಬೇಕಾದ್ದು ಖಾಸಗಿ ಹಿಡುವಳಿಗಳ ಗಡಿಯನ್ನಲ್ಲ. ಎಲ್ಲರಿಗೂ ಸೇರಿದ ಗೋಮಾಳ, ಕೆರೆ ಅಂಗಳ, ರಾಜಕಾಲುವೆ, ಅರಣ್ಯದ ಗಡಿಗಳನ್ನು. ರಾಜ್ಯದ ಪರಿಭಾವಿತ (ಡೀಮ್ಡ್) ಅರಣ್ಯ 9.94 ಲಕ್ಷ ಹೆಕ್ಟೇರ್‌ನಿಂದ 3.30 ಲಕ್ಷ ಹೆಕ್ಟೇರ್‌ಗೆ ಇಳಿದಾಗ ಆರು ಲಕ್ಷಕ್ಕೂ ಹೆಚ್ಚು ಹೆಕ್ಟೇರ್ ಯಾವ ಊರಿನ ಯಾವ ನಂಬರಿನಲ್ಲಿತ್ತು ಎಂದು ಊರವರೇ ನೋಡಬಲ್ಲವರಾಗಿದ್ದರೆ ಲಾಭ ದಂಧೆಯವರಿಗೆ ಹೆಚ್ಚಾಗುತ್ತಿತ್ತೇ, ಕಡಿಮೆಯಾಗುತ್ತಿತ್ತೇ? ಸಾಮೂಹಿಕ ಭೂಮಿಯ ಮಟ್ಟಿಗೆ ಕತ್ತಲೆ ಒತ್ತುವರಿದಾರರ ಪರವಾಗಿಯೇ ಕೆಲಸ ಮಾಡುತ್ತದೆ.

ಇದನ್ನೆಲ್ಲ ಬಳಸುವವರು ಯಾರು, ಹಳ್ಳಿಯವರಿಗೆ ಅರ್ಥವಾಗುವುದೇ ಎಂಬ ಕೊನೆಯ ಅನುಮಾನಕ್ಕೆ ನನಗೆ ಹೆಚ್ಚು ತಾಳ್ಮೆಯಿಲ್ಲ. ಪಹಣಿಯನ್ನೂ ಎಲ್ಲರೂ ಓದುವುದಿಲ್ಲ; ಊರಿಗೆ ಒಬ್ಬರಿಬ್ಬರು ಓದಬಲ್ಲವರಿದ್ದರೆ ಊರು ನಡೆಯುತ್ತದೆ. ಜಿಲ್ಲೆಗೆ ಎರಡು ಮೂರು ಎಂಜಿನಿಯರಿಂಗ್ ಕಾಲೇಜುಗಳಿವೆ, ಭೂಗೋಳ ಓದಿದ ಹುಡುಗ ಹುಡುಗಿಯರಿದ್ದಾರೆ, ದೇಶದ ಹಳ್ಳಿಗಳ ಗಡಿಗಳನ್ನು ತಾವೇ ಒಟ್ಟುಮಾಡಲು ಹೊರಟ ಡೇಟಾಮೀಟ್‌ನಂಥ ಬಳಗಗಳಿವೆ. ಅಮೆರಿಕ ತನ್ನ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಒಂದಕ್ಕೆ 600 ಡಾಲರ್‌ನಂತೆ ಮಾರುತ್ತಿದ್ದಾಗ ಬಳಸುವವರು ಕೆಲವೇ ಮಂದಿ. 2008ರಲ್ಲಿ ಉಚಿತವಾಗಿ ಬಿಟ್ಟ ಮೇಲೆ ಬೇಡಿಕೆ ಪ್ರವಾಹದಂತೆ ಬಂತು. ಇಂದು ಜಗತ್ತಿನ ಕಾಡು ಎಷ್ಟು ಕರಗಿತೆಂದು ಲೆಕ್ಕ ಹಾಕುವವರು ಆ ಚಿತ್ರಗಳನ್ನೇ ನೆಚ್ಚಿದ್ದಾರೆ. ಬಳಸುವವರು ಸಿದ್ಧರಾದ ಮೇಲೆ ಬಾಗಿಲು ತೆರೆಯುತ್ತೇವೆ ಎನ್ನುವುದು, ಈಜು ಬಂದ ಮೇಲೆ ನೀರಿಗಿಳಿ ಎಂದ ಹಾಗೆ.

ಏಳನೆಯ ಕರಡು ಬಂದರೆ ಅದರ ಜೊತೆ ಬರಬೇಕಾದ್ದು ಮೂರೇ ಕಡತ: ಹಳ್ಳಿಗಳ ಗಡಿ, ಸಮಿತಿ ವರ್ಗೀಕರಿಸಿದ ಚುಕ್ಕೆಗಳ ಪದರ, ಪ್ರತಿ ಹಳ್ಳಿಗೂ ಬಂದ ಶೇಕಡಾವಾರು. ಊರುಗಳ ಹೆಸರು ಕನ್ನಡದಲ್ಲಿರಲಿ. ಕರ್ನಾಟಕದ 20,668 ಚದರ ಕಿಲೋಮೀಟರ್ ಎಂದರೆ 24 ಮೀಟರ್ ಲೆಕ್ಕದಲ್ಲಿ ಸುಮಾರು 3.6 ಕೋಟಿ ಚುಕ್ಕೆ. ಚುಕ್ಕೆಗೆ ಒಂದು ಬೈಟ್ ಹಿಡಿದರೂ ಒಟ್ಟು ಗಾತ್ರ, ಮೊಬೈಲಿನಲ್ಲಿ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಮದುವೆ ಮೆರವಣಿಗೆಯ ಒಂದು ವಿಡಿಯೊದಷ್ಟು.